ಆರು ಜನರ ಸೇತುವೆ

ಸ್ಕೌಟ್ ಮಾಸ್ಟರ್ ಆಗುವ ಯೋಗ್ಯತೆ ನನಗಿರಲಿಲ್ಲ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ಐವತ್ತರ ದಶಕದ ಕೊನೆಯಲ್ಲಿ ಭದ್ರಾವತಿಯ ಒಂದು ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಡ್ಮಾಸ್ಟರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದೆ. ಒಂದು ದಿನ ಅವರು ನನ್ನನ್ನು ಕರೆದು, ಒಂದು ಸೀಟಿಯನ್ನೂ ಒಂದು ಬೀಗದ ಕೈಯನ್ನೂ ಮೇಜಿನ ಮೇಲಿಟ್ಟರು.

‘ನೋಡಪ್ಪಾ, ನಮ್ ಸ್ಕೌಟ್ ದಳ ಎರಡು ವರ್ಷದಿಂದ ಮಲಗಿಬಿಟ್ಟಿದೆ. ಎಬ್ಬಿಸ್ಬೇಕು. ನಿಂಗೆ ಇನ್ನೂ ಮದ್ವೆ ಆಗಿಲ್ವಲ್ಲ, ಶನಿವಾರ ಮಧ್ಯಾಹ್ನ ಬೇರೇನ್ ಕೆಲ್ಸ?’

ದಳ ಕಟ್ಟುವವನಿಗೆ ಬೇಕಾದ ಅರ್ಹತೆ ಹೆಂಡತಿ ಇಲ್ಲದಿರುವುದು ಎಂದು ಅವತ್ತು ತಿಳಿಯಿತು. ‘ಆಗ್ಲಿ ಸಾರ್’ ಎಂದೆ.

ಬೀರುವಿನ ಬೀಗ ತೆಗೆದರೆ ಇಲಿ ಕಡಿದ ಎರಡು ಬಾವುಟ, ಪ್ರತಿಜ್ಞೆಯ ಪುಸ್ತಕ, ಕಟ್ಟು ಹಾಕಿಸಿದ ಏಳು ಫೋಟೊ. ಏಳರಲ್ಲೂ ನಡುವಿನ ಕುರ್ಚಿಯಲ್ಲಿ ಒಬ್ಬರೇ ಮನುಷ್ಯ, ಕೊರಳು ಕಾಣದಷ್ಟು ಹಾರ. ಅವರ ಎರಡೂ ಕಡೆ ಕೋಟು, ಪೇಟ, ಜರಿಯಂಚಿನ ಶಲ್ಯ. ಸ್ಕೌಟ್ ಹುಡುಗರು ನೆಲದ ಮೇಲೆ, ಈ ದೊಡ್ಡವರ ಚಪ್ಪಲಿಗಳ ಪಕ್ಕ ಕೂತಿದ್ದರು. ಕುರ್ಚಿಯವರು ನಮ್ಮ ಸ್ಕೌಟ್ ಪೋಷಕ ಸಮಿತಿಯ ಅಧ್ಯಕ್ಷರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅವರದು ದೊಡ್ಡ ಬಟ್ಟೆ ಅಂಗಡಿ. ದಳ ಮಲಗಿದ್ದ ಎರಡು ವರ್ಷದಲ್ಲೂ ಅವರ ಅಧ್ಯಕ್ಷಗಿರಿ ಮಾತ್ರ ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ. ಕೊನೆಯ ಎರಡು ಫೋಟೊದಲ್ಲಿ ಹುಡುಗರೇ ಇಲ್ಲ, ಹಾರ ಇದೆ.

ಮೊದಲ ಶನಿವಾರ ಹನ್ನೊಂದು ಹುಡುಗರು ಬಂದರು. ಉಪ್ಪಿಟ್ಟು ಕೊಡುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಹೆಚ್ಚಿನವರು ಕಾರ್ಖಾನೆ ಕೆಲಸಗಾರರ ಮಕ್ಕಳು. ಮನೆಯಲ್ಲಿ ಒಬ್ಬ ತಮಿಳು, ಒಬ್ಬ ತೆಲುಗು, ಒಬ್ಬ ದಖನಿ ಮಾತಾಡುವವನು, ಮೈದಾನದಲ್ಲಿ ಎಲ್ಲರದೂ ಕನ್ನಡ, ಅದರಲ್ಲೂ ಬೈಗುಳ ಬಲು ಶುದ್ಧ. ನಾನು ಪುಸ್ತಕ ಹಿಡಿದು ಹಗ್ಗದ ಗಂಟು ಕಲಿಸಲು ನಿಂತೆ. ಮೂರು ಸಲ ಕಟ್ಟಿದೆ, ಮೂರು ಸಲವೂ ಎಳೆದ ಕೂಡಲೆ ಬಿಚ್ಚಿಕೊಂಡಿತು. ಹುಡುಗರು ನಕ್ಕರು. ಬೇಲಿಯಾಚೆಯಿಂದ ಇನ್ನೊಂದು ದಪ್ಪ ನಗು ಕೇಳಿಸಿತು.

ಬೇಲಿಯಾಚೆ ಲಾರಿ ರಿಪೇರಿಯ ಶೆಡ್ಡು. ನಕ್ಕವರು ಅದರ ಮೆಕ್ಯಾನಿಕ್ಕು, ನಲವತ್ತು ದಾಟಿದ ಸಾಬರು. ಕೈ ತುಂಬ ಗ್ರೀಸು.

‘ಮೇಷ್ಟ್ರೇ, ಅದು ಗಂಟಲ್ಲ. ಹಗ್ಗಕ್ಕೆ ಬೇಜಾರಾಗಿದೆ, ಅಷ್ಟೇ.’

ನನಗೆ ಕೋಪ ಬಂತು. ‘ಹಾಗಾದ್ರೆ ನೀವೇ ಬಂದು ಕಟ್ಟಿ ತೋರ್ಸಿ’ ಎಂದೆ. ಅವರು ಬೇಲಿ ಹಾರಿ ಬಂದೇಬಿಟ್ಟರು. ನನ್ನ ಕೈಯಿಂದ ಹಗ್ಗ ತಗೊಂಡು, ಕಣ್ಣು ಮುಚ್ಚಿ, ನಾಲ್ಕು ಬಗೆಯ ಗಂಟು ಹಾಕಿ ತೋರಿಸಿದರು. ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದರಂತೆ, ಹೊಳೆಗಳಿಗೆ ಸೇತುವೆ ಕಟ್ಟುವ ತುಕಡಿಯಲ್ಲಿ. ಹುಡುಗರು ಉಪ್ಪಿಟ್ಟನ್ನು ಮರೆತರು.

ಅವತ್ತಿನಿಂದ ಪ್ರತಿ ಶನಿವಾರ ಅವರು ಬಂದರು. ಸ್ಕಾರ್ಫ್ ಕೊಡಹೋದರೆ ಬೇಡವೆಂದರು. ‘ಬಟ್ಟೆ ನೋಡಿ ಹುಡುಗರು ಹೆದರ್ತಾರೆ, ಕಲಿಯಲ್ಲ’ ಎಂದರು. ನಾಲ್ಕು ತಿಂಗಳಲ್ಲಿ ಹನ್ನೊಂದು ಹುಡುಗರು ಮೂವತ್ತಾದರು. ಹಾಜರಿ ಪುಸ್ತಕದಲ್ಲಿ ಸ್ಕೌಟ್ ಮಾಸ್ಟರ್ ಎಂದು ನನ್ನ ಹೆಸರಿತ್ತು. ಆ ಹುಡುಗರನ್ನು ಒಟ್ಟು ಮಾಡಿದವರು ಯಾರು ಎಂದು ಮೈದಾನದ ದನಗಳಿಗೂ ಗೊತ್ತಿತ್ತು.

ದಳದ ಡೇರೆಗಳು ಎಲ್ಲಿ ಎಂದು ಹೆಡ್ಮಾಸ್ಟರನ್ನು ಕೇಳಿದ್ದಕ್ಕೆ ಅಧ್ಯಕ್ಷರನ್ನು ಕೇಳು ಎಂದರು. ಒಂದು ಭಾನುವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆ. ಅಧ್ಯಕ್ಷರು ಅಂಗಡಿಯ ಗಾದಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ನಾನು ಚಪ್ಪಲಿ ಬಿಟ್ಟು ನಿಂತೇ ಇದ್ದೆ. ಕೂರು ಎನ್ನಲಿಲ್ಲ.

‘ಡೇರೆನಾ? ಯಾವ ಡೇರೆ ಮಾರಾಯ್ರೆ?’

‘ಸ್ಕೌಟ್ ದಳದ್ದು ಸಾರ್. ಮೂರು ಇತ್ತಂತೆ. ಒಂದು ಡ್ರಮ್ಮು, ಒಂದು ಬ್ಯೂಗಲ್ಲು…’

‘ಓ ಅದಾ. ಡ್ರಮ್ಮು ನಮ್ ತಂಗಿ ಮಗನ ಮದ್ವೇಲಿ ಹರಿದು ಹೋಯ್ತು. ಡೇರೆ ಹಿಂದ್ಗಡೆ ಇದೆ ನೋಡಿ.’

ಹಿಂದುಗಡೆ ಅವರ ಹೊಸ ಮನೆ ಏಳುತ್ತಿತ್ತು. ನಮ್ಮ ಡೇರೆಗಳು ಸಿಮೆಂಟು ಮೂಟೆಗಳಿಗೆ ಹೊದಿಕೆಯಾಗಿ ಮಲಗಿದ್ದವು. ಎರಡು ಡೇರೆ ಸಿಮೆಂಟು ಹಿಡಿದು ಕಲ್ಲಾಗಿದ್ದವು. ಮೂರನೆಯದನ್ನು ಕೊಡವಿ ಮಡಿಸಿಕೊಂಡೆ. ಹೊರಡುವಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಯಾರಾದ್ರೂ ದೊಡ್ಡೋರು ಬಂದ್ರೆ ನಿಮ್ ಹುಡುಗ್ರು ಸಾಲಾಗಿ ನಿಲ್ತಾರೇನ್ರೀ?’ ನಿಲ್ಲುತ್ತಾರೆ ಎಂದೆ. ಅವರಿಗೆ ತೃಪ್ತಿಯಾಯಿತು. ಸೇವೆ ಎಂಬ ಮಾತನ್ನು ಮುಂದೆ ಅವರ ಬಾಯಲ್ಲಿ ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ಕೇಳಿದಾಗೆಲ್ಲ ಆ ಸಿಮೆಂಟು ಮೂಟೆಗಳು ಕಣ್ಣಿಗೆ ಬರುತ್ತಿದ್ದವು.

ಜನ್ನಾಪುರದ ಕಡೆಯಿಂದ ನಮ್ಮ ಸ್ಕೂಲಿಗೆ ಬರುವ ಹಾದಿಯಲ್ಲಿ ಒಂದು ಹಳ್ಳವಿತ್ತು. ಬೇಸಿಗೆಯಲ್ಲಿ ಬರೀ ಕೆಸರು, ಮಳೆಗಾಲದಲ್ಲಿ ತೊಡೆಮಟ್ಟ ನೀರು. ಹೆಂಗಸರು ಸೀರೆ ಎತ್ತಿಕಟ್ಟಿ, ಮಕ್ಕಳ ಪುಸ್ತಕದ ಚೀಲ ತಲೆಯ ಮೇಲಿಟ್ಟುಕೊಂಡು ದಾಟಿಸುತ್ತಿದ್ದರು. ಅದಕ್ಕೊಂದು ಸೇತುವೆ ಕಟ್ಟೋಣ ಎಂದವನು ನಮ್ಮ ಪೆಟ್ರೋಲ್ ಲೀಡರ್, ಅಂದರೆ ಹುಡುಗರ ತಂಡದ ಮುಂದಾಳು, ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುವವರೊಬ್ಬರ ಮಗ. ಹದಿನಾಲ್ಕು ವರ್ಷದವನು, ಮಾತು ಕಡಿಮೆ. ಸಾಬರು ಹಳ್ಳಕ್ಕಿಳಿದು, ಕೋಲಿನಿಂದ ಆಳ ನೋಡಿ, ‘ಆಗುತ್ತೆ’ ಎಂದರು.

ಬಿದಿರನ್ನು ಅವರ ಗುರುತಿನ ಲಾರಿ ಡ್ರೈವರುಗಳು ತಂದು ಹಾಕಿದರು. ತೆಂಗಿನ ನಾರಿನ ಹಗ್ಗವನ್ನು ಹುಡುಗರು ಮನೆಮನೆ ತಿರುಗಿ ತಂದರು. ಐದು ವಾರ ಕೆಲಸ. ಹಳ್ಳದ ನಡುವೆ ಕವೆಗಂಬ ನೆಟ್ಟು, ಉದ್ದ ಬಿದಿರುಗಳನ್ನು ಜೋಡಿಸಿ, ಮೇಲೆ ಸೀಳಿದ ಬಿದಿರಿನ ಹಾಸು. ಒಂದು ಮೊಳೆಯಿಲ್ಲ, ಎಲ್ಲ ಹಗ್ಗದ ಕಟ್ಟು. ಮುಗಿದ ದಿನ ಸಾಬರು ಹುಡುಗರನ್ನು ಒಬ್ಬೊಬ್ಬರಾಗಿ ಹತ್ತಿಸಿ, ತಾವು ಕೆಳಗೆ ನೀರಿನಲ್ಲಿ ನಿಂತು, ಕಟ್ಟಿಗೆ ಕಿವಿಕೊಟ್ಟು ಕೇಳಿದರು. ಏಳನೆಯವನು ಹತ್ತಿದಾಗ ‘ಬಸ್, ಸಾಕು, ಇಳೀರಿ’ ಎಂದು ಕೂಗಿದರು. ಪೆಟ್ರೋಲ್ ಲೀಡರ್ ಎರಡು ಹಲಗೆಗಳ ಮೇಲೆ ‘ಒಂದು ಸಲಕ್ಕೆ ಆರು ಜನ ಮಾತ್ರ’ ಎಂದು ಬಣ್ಣದಲ್ಲಿ ಬರೆದು ಎರಡೂ ದಡದಲ್ಲಿ ನಿಲ್ಲಿಸಿದ.

ಆ ಮಳೆಗಾಲ ಜನ ಒದ್ದೆಯಾಗದೆ ಓಡಾಡಿದರು. ತಲೆಯ ಮೇಲೆ ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬಳು ನಡುವೆ ನಿಂತು ಕಾಲಿಂದ ಒಂದು ಸಲ ಕುಲುಕಿ ನೋಡಿ, ‘ಪರ್ವಾಗಿಲ್ಲ ಕಣ್ರೋ, ಗಂಡಸರು ಕಟ್ಟಿದ ಹಾಗೇ ಇದೆ’ ಎಂದಳು. ಹುಡುಗರಿಗೆ ಅದೇ ಪದಕ.

ತಿಂಗಳು ಕಳೆದ ಮೇಲೆ ಸುದ್ದಿ ಶಿವಮೊಗ್ಗ ಮುಟ್ಟಿತು. ಸಮಿತಿಯಿಂದ ಕಾಗದ ಬಂತು: ಅಧ್ಯಕ್ಷರು ಸೇತುವೆಯ ಉದ್ಘಾಟನೆ ಮಾಡುವರು. ಆಗಲೇ ಊರೆಲ್ಲ ಓಡಾಡಿದ ಸೇತುವೆಗೆ ಉದ್ಘಾಟನೆ! ಅದಕ್ಕಾಗಿ ಎರಡು ದಿನ ಜನ ದಾಟುವುದನ್ನು ನಿಲ್ಲಿಸಬೇಕು ಎಂದು ಹೆಡ್ಮಾಸ್ಟರು ಅಪ್ಪಣೆ ಮಾಡಿದರು. ಅಡ್ಡ ಹಗ್ಗ ಕಟ್ಟಿದವನು ನಾನೇ. ಪಕ್ಕದಲ್ಲೇ ಸೇತುವೆಯಿದ್ದರೂ ಹೆಂಗಸರು ಮತ್ತೆ ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಸಮಾರಂಭದ ದಿನ ಸಾಬರು ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಹೆಡ್ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, ‘ಅವ್ರು ಯೂನಿಫಾರ್ಮಲ್ಲಿಲ್ಲ, ಆ ಮರದ ಹತ್ರ ನಿಂತ್ಕೊಳ್ಳೋಕೆ ಹೇಳು’ ಎಂದರು. ಅಧ್ಯಕ್ಷರೂ ಯೂನಿಫಾರ್ಮಿನಲ್ಲಿರಲಿಲ್ಲ. ಆದರೂ ನಾನು ಹೋಗಿ ಹೇಳಿದೆ. ಸಾಬರು ತಲೆಯಾಡಿಸಿ ಮರದ ಬುಡಕ್ಕೆ ಹೋದರು.

ಹುಡುಗರು ಬಿಸಿಲಲ್ಲಿ ಸಾಲಾಗಿ ನಿಂತರು. ಭಾಷಣ ಒಂದು ಗಂಟೆ. ಸೇತುವೆಗೆ ಹೆಗಲು ಕೊಟ್ಟವರ ಪೈಕಿ ಒಬ್ಬರ ಮಾತೂ ಅದರಲ್ಲಿ ಬರಲಿಲ್ಲ. ಆಮೇಲೆ ಟೇಪು ಕತ್ತರಿಸಿದರು. ಫೋಟೊದವನು ದಡದ ಮೇಲೆ ಕ್ಯಾಮೆರಾ ನೆಟ್ಟು, ಎಲ್ಲರೂ ಸೇತುವೆಯ ನಡುವೆ ನಿಲ್ಲಿ ಎಂದ. ಅಧ್ಯಕ್ಷರು ಮುಂದೆ, ಹಿಂದೆ ಸಮಿತಿಯವರು, ಹೆಡ್ಮಾಸ್ಟರು, ಊರಿನ ಕೆಲವು ಗುತ್ತಿಗೆದಾರರು, ಅವರ ಬೀಗರು. ಪೆಟ್ರೋಲ್ ಲೀಡರ್ ಹಲಗೆಯ ಪಕ್ಕದಿಂದ ಹೆಜ್ಜೆ ಮುಂದಿಟ್ಟ.

‘ಸಾರ್, ಆರೇ ಜನ ಸಾರ್. ಜಾಸ್ತಿ ತಡೆಯಲ್ಲ.’

‘ಏ, ಸರಿಯೋ ಆಕಡೆ’ ಎಂದರು ಅಧ್ಯಕ್ಷರು. ‘ಏನ್ ಮೇಷ್ಟ್ರೇ, ಇದೇನಾ ನೀವು ಕಲ್ಸಿರೋ ಶಿಸ್ತು?’

ಹುಡುಗ ನನ್ನ ಕಡೆ ನೋಡಿದ. ಮರದ ಬುಡದಿಂದ ಸಾಬರು ‘ಮೇಷ್ಟ್ರೇ, ಇಳಿಸಿ ಅವರನ್ನ!’ ಎಂದು ಕೂಗುತ್ತಿದ್ದರು. ನಾನು ಹುಡುಗನ ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ.

ಹದಿನಾಲ್ಕು ಜನ ಹತ್ತಿದರು. ಫೋಟೊದವನು ‘ಸ್ವಲ್ಪ ನಗಿ’ ಎಂದ. ಸೇತುವೆ ಅವಸರ ಮಾಡಲಿಲ್ಲ. ಮೊದಲು ಒಂದು ಕವೆಗಂಬ ವಾಲಿತು, ಆಮೇಲೆ ಹಾಸು ಮೊರದ ಹಾಗೆ ಓರೆಯಾಯಿತು. ಅಷ್ಟೂ ದೊಡ್ಡ ಮನುಷ್ಯರನ್ನು ಅಕ್ಕಿ ಕೇರಿದಂತೆ ಜಾರಿಸಿ ಕೆಸರುನೀರಿಗೆ ಬಿಟ್ಟಿತು. ನೀರು ತೊಡೆಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಮುಳುಗುವ ಭಯವಿಲ್ಲದವರು ಅಷ್ಟು ಕಿರುಚಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಹೆಡ್ಮಾಸ್ಟರ ಪೇಟ ಬಾತುಕೋಳಿಯ ಹಾಗೆ ತೇಲಿಹೋಯಿತು. ದಡದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಹುಡುಗರು ನಗಲಿಲ್ಲ. ಪೆಟ್ರೋಲ್ ಲೀಡರ್ ಸೀಟಿ ಊದಿದ. ಹಗ್ಗ ಎಸೆದರು, ಕುಣಿಕೆ ಸೊಂಟಕ್ಕೆ ಹಾಕಿಸಿದರು, ಎಂಟೆಂಟು ಜನ ಸೇರಿ ಒಬ್ಬೊಬ್ಬರನ್ನು ಎಳೆದರು. ಸಾಬರು ಒಗೆದ ಅಂಗಿಯಲ್ಲೇ ನೀರಿಗಿಳಿದು ಅಧ್ಯಕ್ಷರನ್ನು ಹಿಂದಿನಿಂದ ತಳ್ಳಿ ದಡ ಹತ್ತಿಸಿದರು. ಹತ್ತಿದ ಕೂಡಲೆ ಅಧ್ಯಕ್ಷರು ಹೇಳಿದ ಮೊದಲ ಮಾತು: ‘ಈ ದರಿದ್ರ ಸೇತುವೆ ಕಟ್ಟಿದ್ದು ಯಾರು?’ ಒಂದು ಗಂಟೆಯ ಭಾಷಣದಲ್ಲಿ ಅವರಿಗೆ ಬೇಡವಾಗಿದ್ದ ವಿಷಯ ಈಗ ಬೇಕಾಯಿತು.

ಮೂರನೆಯ ದಿನ ಗಾಂಧಿ ಬಜಾರಿನ ಅಂಗಡಿಗೆ ನನ್ನನ್ನು ಕರೆಸಿದರು. ಈ ಸಲ ಗಾದಿಯ ಮೇಲೆ ಕೂರಿಸಿದರು. ಟೈಪು ಮಾಡಿದ ಕಾಗದ ತಯಾರಿತ್ತು. ತರಬೇತಿಯಿಲ್ಲದ ಹೊರಗಿನವನೊಬ್ಬ ನನ್ನ ಗಮನಕ್ಕೆ ತಾರದೆ ಹುಡುಗರನ್ನು ದಾರಿತಪ್ಪಿಸಿ ಸೇತುವೆ ಕಟ್ಟಿಸಿದನೆಂದೂ ಇನ್ನು ಮುಂದೆ ಅವನನ್ನು ಮೈದಾನಕ್ಕೆ ಸೇರಿಸುವುದಿಲ್ಲವೆಂದೂ ಅದರಲ್ಲಿತ್ತು.

‘ನಿಮ್ ನೌಕ್ರಿ ಇನ್ನೂ ಖಾಯಂ ಆಗಿಲ್ವಂತಲ್ಲ’ ಎಂದರು ಅಧ್ಯಕ್ಷರು, ಬಹಳ ಮೃದುವಾಗಿ.

ಸಹಿ ಹಾಕಿದೆ. ಕಾಫಿ ತರಿಸಿಕೊಟ್ಟರು, ಕುಡಿದೆ. ಕಾಫಿ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಮನುಷ್ಯನ ಬಗ್ಗೆ ಇಲ್ಲಿ ಇಷ್ಟು ಹಗುರವಾಗಿ ಬರೆದಿದ್ದೇನೆ, ಬರೆಯುವುದು ಸುಲಭ. ಅವನಿಗೆ ಬೇಕಾದದ್ದು ಏನು ಎಂದು ಅವನಿಗೆ ಗೊತ್ತಿತ್ತು, ಮುಚ್ಚುಮರೆಯಿಲ್ಲದೆ ತಗೊಂಡ. ನಾನು ಎಲ್ಲ ಕಂಡೂ ಪೆನ್ನಿನ ಮುಚ್ಚಳ ತೆಗೆದವನು. ಅವತ್ತು ಭದ್ರಾವತಿಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯ ಗಾಜಿನಲ್ಲಿ ನನ್ನ ಮುಖ ಕಂಡಿತು. ಸೀಟು ಬದಲಾಯಿಸಿದೆ.

ಹೆಡ್ಮಾಸ್ಟರು ಆ ಕಾಗದವನ್ನು ಸ್ಕೂಲಿನ ಗೇಟಿನಲ್ಲಿ ಸಾಬರಿಗೆ ಗಟ್ಟಿಯಾಗಿ ಓದಿ ಹೇಳಿದರು, ಹುಡುಗರೂ ಕೇಳಿಸಿಕೊಂಡರು. ಮರುದಿನ ಪೆಟ್ರೋಲ್ ಲೀಡರ್ ನನ್ನ ಕೋಣೆಗೆ ಬಂದು, ನಾಲ್ಕು ಮಡಿಕೆ ಮಾಡಿದ ಸ್ಕಾರ್ಫನ್ನು ಮೇಜಿನ ಮೇಲಿಟ್ಟ.

‘ಯಾಕೋ?’

‘ಇಸ್ತ್ರಿ ಮಾಡಿದೀನಿ ಸಾರ್’ ಎಂದಷ್ಟೇ ಹೇಳಿ ಹೋದ.

ಮುಂದಿನ ಶನಿವಾರ ಮೈದಾನದಲ್ಲಿ ನಾನು ಮತ್ತು ನಾಲ್ಕು ಹುಡುಗರು. ಆ ನಾಲ್ವರೂ ಮೇಷ್ಟ್ರುಗಳ ಮಕ್ಕಳು. ಬೇಲಿಯಾಚೆ, ಶೆಡ್ಡಿನ ಹಿಂದಿನ ಹಿತ್ತಲಲ್ಲಿ, ಇಪ್ಪತ್ತಾರು ಹುಡುಗರು ಸೇತುವೆಯ ಬಿದಿರುಗಳನ್ನು ಹೊತ್ತು ತಂದು ಮತ್ತೆ ಅಳೆಯುತ್ತಿದ್ದರು. ಎರಡು ವಾರ ನಾನು ಸೀಟಿ ಊದುತ್ತ, ಅವರನ್ನು ಕಾಣದವನ ಹಾಗೆ ನಟಿಸಿದೆ. ಮೂರನೆಯ ವಾರ ಆಗಲಿಲ್ಲ. ಬೇಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ. ಸಾಬರು ಲಾರಿಯ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳಿಗೇ ಹೇಳಿದೆ:

‘ಸಾಬ್ರೇ, ಅದಕ್ಕೆ ನಾನು ಸಹಿ ಹಾಕಬಾರ್ದಿತ್ತು.’

ಲಾರಿಯ ಕೆಳಗೆ ಸ್ಪ್ಯಾನರ್ ಸದ್ದು ನಿಂತಿತು. ‘ಹ್ಞೂಂ, ಹಾಕಬಾರ್ದಿತ್ತು’ ಎಂದರು. ಪರವಾಗಿಲ್ಲ ಬಿಡಿ ಎನ್ನಲಿಲ್ಲ. ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, ‘ಹಿತ್ತಲಲ್ಲಿ ಚಿಕ್ಕ ಹುಡುಗರು ಗಂಟು ಕಲೀತಿದಾರೆ. ಅವರ ಜೊತೆ ಕೂತ್ಕೊಳ್ಳಿ’ ಎಂದರು.

ಕೂತೆ. ಒಂಬತ್ತು ವರ್ಷದವನೊಬ್ಬ ನನ್ನ ತಪ್ಪು ತಿದ್ದಿದ. ಪೆಟ್ರೋಲ್ ಲೀಡರ್ ನನ್ನೊಂದಿಗೆ ಮಾತಾಡಲು ಎರಡು ತಿಂಗಳು ಬೇಕಾಯಿತು, ಅದೂ ‘ಹಗ್ಗ ಕೊಡಿ’ ಎನ್ನಲು. ಸೇತುವೆ ಮತ್ತೆ ಎದ್ದಿತು, ಉದ್ಘಾಟನೆಯಿಲ್ಲದೆ. ಮುಂದೆ ಅರವತ್ತರ ದಶಕದಲ್ಲಿ ಅಲ್ಲಿ ಕಲ್ಲುಚಪ್ಪಡಿಯ ಮೋರಿ ಬರುವವರೆಗೂ ಆ ಹಿತ್ತಲಿನ ಹುಡುಗರೇ ಪ್ರತಿ ಮಳೆಗಾಲಕ್ಕೆ ಮುಂಚೆ ಹಗ್ಗ ಬದಲಾಯಿಸುತ್ತಿದ್ದರು. ಅವರಲ್ಲಿ ಹಲವರು ಕಾರ್ಖಾನೆ ಸೇರಿದರು, ಇಬ್ಬರು ಸೈನ್ಯಕ್ಕೆ ಹೋದರು. ಊರಲ್ಲೇ ಉಳಿದವರು ಶನಿವಾರ ತಮ್ಮ ತಮ್ಮಂದಿರನ್ನು ಶೆಡ್ಡಿಗೆ ಕರೆತಂದರು.

ಸ್ಕೌಟ್ ಮಾಸ್ಟರ್ ಕೆಲಸಕ್ಕೆ ರಾಜೀನಾಮೆ ಬರೆದು ಸಮಿತಿಗೆ ಕಳಿಸಿದೆ. ನಾನು ಸಹಿ ಹಾಕಿದ್ದು ಸುಳ್ಳು ಎಂದೂ ಅದರಲ್ಲಿ ಬರೆದೆ. ಬರೆದದ್ದು ನೌಕರಿ ಖಾಯಂ ಆದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಯಾರೂ ಓದಲಿಲ್ಲ. ಆಮೇಲೂ ಎರಡು ವರ್ಷ ಸಮಿತಿಯ ಅಚ್ಚಾದ ವರದಿಯಲ್ಲಿ ನನ್ನ ಹೆಸರಿನ ಮುಂದೆ ‘ದಳವು ಉತ್ತಮವಾಗಿ ನಡೆಯುತ್ತಿದೆ’ ಎಂದಿತ್ತು. ಅಷ್ಟರಲ್ಲಿ ಸ್ಕೂಲಿನ ಮೈದಾನದಲ್ಲಿ ಶನಿವಾರ ಎಮ್ಮೆಗಳು ಮೇಯುತ್ತಿದ್ದವು.