ಅಳತೆ ಅಂಗಿ ಇಲ್ಲದೆ

ಅವಳು ಮಾಸ್ಟರನ್ನು ಮೊದಲು ನೋಡಿದ್ದು ಮೆಟ್ಟಿಲ ಕೆಳಗಿನ ಆ ಹೊಲಿಗೆ ಅಂಗಡಿಯಲ್ಲಿ, ಬೆಳಿಗ್ಗೆ ಹತ್ತರ ಸುಮಾರಿಗೆ, ಕೆಲಸ ಕೇಳಿಕೊಂಡು ಹೋದಾಗ. ಆಗ ಅವಳಿಗೆ ಹತ್ತೊಂಬತ್ತು. ಮಾಸ್ಟರು ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದರು. ಕಿವಿಯ ಮೇಲೆ ಸೀಮೆಸುಣ್ಣದ ತುಂಡು, ಕೊರಳಲ್ಲಿ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಸೂಜಿ ತೆಗೆಯದೆಯೇ ಕೇಳಿದರು: "ಏನು ಬರುತ್ತೆ?"

"ಯಾವುದಾದ್ರೂ ಒಂದು ಬಟ್ಟೆ ಕೊಡಿ. ಹಾಗೇ ಮಾಡ್ತೀನಿ."

ಅವರು ಒಂದು ಹಳೆಯ ಅಂಗಿಯನ್ನೂ ಒಂದಿಷ್ಟು ಹೊಸ ಬಟ್ಟೆಯನ್ನೂ ಮುಂದೆ ತಳ್ಳಿದರು. ಅವಳು ಹಳೆಯದನ್ನು ಪತ್ರಿಕೆಯ ಹಾಳೆಯ ಮೇಲೆ ಹರಡಿ, ಅಂಚಿನ ಗುರುತು ಹಾಕಿಕೊಂಡು, ಸಂಜೆಯೊಳಗೆ ಹೊಲಿದು ಮುಗಿಸಿದಳು. ಮಾಸ್ಟರು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಯಾರದೋ ತಪ್ಪಿನಿಂದ ಹಳೆಯ ಅಂಗಿಯ ಎಡತೋಳು ಅರ್ಧ ಬೆರಳು ಗಿಡ್ಡವಾಗಿತ್ತು. ಹೊಸದರ ಎಡತೋಳೂ ಅರ್ಧ ಬೆರಳು ಗಿಡ್ಡ!

"ತಪ್ಪನ್ನೂ ಬಿಡಲಿಲ್ವಲ್ಲೇ ಮಹರಾಯ್ತಿ!" ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಲ್ಲಿದ್ದ ಸೂಜಿ ನೆಲಕ್ಕೆ ಬಿತ್ತು. ಕೆಲಸ ಸಿಕ್ಕಿತು. ಬರಬರುತ್ತಾ 'ಹಾಗೇ ಅಕ್ಕ' ಎಂಬ ಹೆಸರೂ ಅಂಟಿಕೊಂಡಿತು.

ಅಳತೆಗೆಂದು ಹಳೆ ಬಟ್ಟೆ ತಂದವರೆಲ್ಲ ಅವಳ ಯಂತ್ರದ ಬಳಿಗೆ, ಬರಿಗೈಲಿ ಬಂದವರು ಮಾಸ್ಟರ ಮೇಜಿಗೆ. ಹೀಗೇ ಇಪ್ಪತ್ಮೂರು ವರ್ಷ ನಡೆಯಿತು. ಮಾಸ್ಟರು ಗಿರಾಕಿ ನಿಲ್ಲುವ ರೀತಿ ನೋಡುತ್ತಿದ್ದರು, ಅಳತೆ ಪುಸ್ತಕದ ಹಾಳೆಯ ಕೊನೆಯಲ್ಲಿದ್ದ 'ಹೇಗೆ ಬೇಕು' ಎಂಬ ಸಾಲನ್ನು ತುಂಬುತ್ತಿದ್ದರು, ಆಮೇಲೆ ಕತ್ತರಿ ಎತ್ತುತ್ತಿದ್ದರು. ಕಿಟಕಿ ಪಕ್ಕದ ತನ್ನ ಜಾಗದಿಂದ ಅವಳು ಅದನ್ನು ಕದ್ದು ನೋಡುತ್ತಿದ್ದಳು. ಒಂದು ದಿನ ಆ ಮೇಜಿನ ಹಿಂದೆ ತಾನು ನಿಲ್ಲಬೇಕು. ಅವಳಿಗಿದ್ದ ಆಸೆ ಅದೊಂದೇ. ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾಸ್ಟರ ಕಣ್ಣು ಮಂಜಾಯಿತು. ಒಂದು ಶುಕ್ರವಾರ ಅವರೇ ಕರೆದರು.

"ನಾನು ಈ ತಿಂಗಳಿಗೆ ಬಿಡ್ತೀನಮ್ಮ. ಮೇಜು ನಿನಗೆ ಕೊಡಬೇಕು ಅಂತಿದೆ. ಒಂದು ಅಂಗಿ ಹೊಲಿದು ತೋರಿಸು. ನಿನಗೇ. ಅಳತೆ ಅಂಗಿ ಇಟ್ಕೋಬಾರ್ದು. ನಿನಗೆ ಹೇಗೆ ಬೇಕೋ ಹಾಗೆ."

"ಹೇಗೆ ಬೇಕೋ ಅಂದ್ರೆ... ಹೇಗೆ ಮಾಸ್ಟ್ರೇ?"

"ನಾನು ಹೇಳಿದ್ರೆ ಅದು ನನ್ನ ಅಂಗಿ ಆಗುತ್ತಲ್ವಾ?"

ಅಂಗಡಿಯಲ್ಲಿ ಗುಂಡಿಗಳಿಗೆ ಕಾಜ ಹಾಕುವವಳು ಪಕ್ಕದಿಂದ ಛೇಡಿಸಿದಳು: "ಮನೇಲಿ ಕನ್ನಡಿ ಇದೆ ತಾನೇ ಅಕ್ಕ? ಗಿರಾಕಿ ಅಲ್ಲೇ ಸಿಗ್ತಾಳೆ, ಹೋಗು."

ಭಾನುವಾರ ಮಧ್ಯಾಹ್ನ ಅವಳು ಮನೆಯಲ್ಲಿ ನೆಲ ಗುಡಿಸಿ ಬಟ್ಟೆ ಹರಡಿದಳು. ಜೊತೆಯಲ್ಲೇ ಇದ್ದ ತಂಗಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

"ಕಾಲರ್ ಇಡ್ತೀಯಾ?"

"ಅತ್ತೆಗೆ ಕಾಲರ್ ಕಂಡ್ರೆ ಆಗ್ತಿರಲಿಲ್ಲ."

"ಅತ್ತೆ ಹೋಗಿ ಒಂಬತ್ತು ವರ್ಷ ಆಯ್ತು. ಹೋಗ್ಲಿ, ಜೇಬು?"

"ಜೇಬು ಯಾಕೆ ಹೆಂಗಸರಿಗೆ ಅಂತ ಇವರು ರೇಗ್ತಿದ್ರು."

"ಭಾವ ಬಿಟ್ಟುಹೋಗಿ ಆರು ವರ್ಷ! ಅಲ್ಲಕ್ಕ, ಆ ಒಂದು ಅಂಗಿಯೊಳಗೆ ಎಷ್ಟು ಜನ ತೂರ್ಕೋತೀರಾ?"

ಇಬ್ಬರೂ ನಕ್ಕರು. ತಂಗಿ ಎದ್ದು ಅಂಗಡಿಗೆ ಹೋದ ಮೇಲೆ ಅವಳ ನಗು ಇಂಗಿತು. ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಹೊಲಿಗೆಗೆ ಯಾಕೆ ಬಂದೆ? ಎದುರುಮನೆಯವಳು ಕಲಿತಳು, ಅಮ್ಮ 'ನೀನೂ ಕಲಿ' ಅಂದಳು. ಮದುವೆ? ದೊಡ್ಡಪ್ಪ ನೋಡಿದ ಗಂಡು. ಸಾರಿಗೆ ಇವತ್ತಿಗೂ ಖಾರ ಕಡಿಮೆ, ಬಿಟ್ಟುಹೋದವನ ನಾಲಿಗೆಗೆ ತಕ್ಕಂತೆ. ಒಂದಾದರೂ ತಾನಾಗಿ ಬೇಕೆಂದದ್ದು ಇದೆಯೇ ಎಂದು ತಡಕಿದಳು. ಆ ಮೇಜು ಒಂದೇ ಸಿಕ್ಕಿತು. ಅದೂ ಮಾಸ್ಟರ ಹಾಗೇ ನಿಲ್ಲಬೇಕೆಂಬ ಆಸೆಯೇನೋ! ಬಟ್ಟೆಯ ಮೇಲೆ ಒಂದು ಗೆರೆ ಎಳೆದಳು, ಅಳಿಸಿದಳು. ಮತ್ತೊಂದು ಎಳೆದಳು. ನಾಲ್ಕು ಗಂಟೆಯಾದರೂ ಬಟ್ಟೆ ಹಾಗೇ ಬಿದ್ದಿತ್ತು, ಬಿಳಿ ಧೂಳು ಮೆತ್ತಿಕೊಂಡು.

ಕೊನೆಗೆ ಪೆಟ್ಟಿಗೆ ತೆಗೆದು ತನ್ನದೇ ಒಂದು ಹಳೆ ಅಂಗಿ ಹೊರಗೆಳೆದಳು. ಹತ್ತು ವರ್ಷದ ಹಿಂದೆ ಮಾಸ್ಟರು ಅವಳಿಗೆಂದು ಕತ್ತರಿಸಿ ಕೊಟ್ಟದ್ದು. ನನ್ನ ಅಂಗಿ, ನನ್ನ ಅಳತೆ, ಇದರಲ್ಲಿ ನಕಲು ಎಲ್ಲಿ ಬಂತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಒಂದೂವರೆ ಗಂಟೆಯಲ್ಲಿ ಹೊಲಿದು ಮುಗಿಯಿತು.

ಸೋಮವಾರ ಮಾಸ್ಟರು ಹೊಸ ಅಂಗಿಯನ್ನು ಕಣ್ಣ ಹತ್ತಿರ ಹಿಡಿಯಲಿಲ್ಲ. ಭುಜದ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಈ ಇಳಿಜಾರು ನನ್ನ ಕೈಯದು. ಹಾಕ್ಕೊಂಡು ಬಾ."

ಅವಳು ಹಾಕಿಕೊಂಡು ಬಂದಳು. ವರ್ಷಗಟ್ಟಲೆ ಯಂತ್ರದ ಚಕ್ರ ತಿರುಗಿಸಿ ಬಲಭುಜ ಇಳಿದಿತ್ತು. ಅಲ್ಲಿ ಬಟ್ಟೆ ಮುದುಡಿ ನಿಂತಿತು. ಮಾಸ್ಟರ ಕೈ ಆ ಮುದುಡಿನ ಮೇಲೆ ನಿಂತಿತು.

"ಇದು ಹತ್ತು ವರ್ಷದ ಹಿಂದೆ ನಾನು ನೋಡಿದವಳಿಗೆ. ಈಗಿನವಳನ್ನ ನೀನು ಒಂದ್ಸಲನೂ ನೋಡ್ಲಿಲ್ವೇನಮ್ಮ?"

"ಇನ್ನೊಂದು ಸಲ ಕೊಡಿ ಮಾಸ್ಟ್ರೇ. ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಏನು ಹೇಳಿದ್ರೂ ಹಾಗೇ ಮಾಡ್ತೀನಿ."

"ಅದೇ ನೋಡು ಕಷ್ಟ" ಎಂದರು ಮಾಸ್ಟರು, ಮೆಲ್ಲಗೆ. ಕಾಜದವಳು ತಲೆ ಎತ್ತಲಿಲ್ಲ.

ತಿಂಗಳ ಕೊನೆಗೆ ಹೊರಗಿನಿಂದ ಹೊಸ ಮಾಸ್ಟರು ಬಂದರು. ಅವಳು ಆ ಅಂಗಿಯ ಹೊಲಿಗೆಯನ್ನೆಲ್ಲ ಬಿಚ್ಚಿ ತುಂಡುಗಳನ್ನು ಮಡಿಸಿಟ್ಟಳು. ಅಳತೆ ಪುಸ್ತಕದಲ್ಲಿ ತನಗೆಂದು ಒಂದು ಹಾಳೆ ಮಾಡಿ, ಕನ್ನಡಿಯ ಮುಂದೆ ಟೇಪು ಹಿಡಿದು ಎಡಭುಜ, ಬಲಭುಜ, ತೋಳು, ಎದೆ ಎಲ್ಲ ಬರೆದಳು. 'ಹೇಗೆ ಬೇಕು' ಎಂಬ ಸಾಲು ಖಾಲಿ ಇದೆ.

ಈಗ ಅವಳು ಅದೇ ಅಂಗಡಿಯಲ್ಲಿ, ಕಿಟಕಿ ಪಕ್ಕದ ಅದೇ ಯಂತ್ರದಲ್ಲಿ, ಹೊಸ ಮಾಸ್ಟರು ಕತ್ತರಿಸಿ ಕೊಟ್ಟ ತೋಳುಗಳನ್ನು ಅಂಗಿಗಳಿಗೆ ಕೂಡಿಸುತ್ತಾಳೆ.