ಕನ್ನಡಕದೊಳಗಿನ ಎಡಗೈ

ಸುರಪುರದ ನಮ್ಮ ಬಳೆ ಅಂಗಡಿಯಲ್ಲಿ ನನ್ನ ತಾಯಿ, ಅಮ್ಮಿ, ಮದುಮಗಳೊಬ್ಬಳಿಗೆ ಬಳೆ ಇಡಿಸುತ್ತಿದ್ದಳು. ಹುಡುಗಿಯ ಅಂಗೈ ಅಮ್ಮಿಯ ಎಡಗೈಯಿಂದ ಜಾರಿತು. ಬಳೆ ಒಡೆಯಿತು. ಇನ್ನೊಂದೂ ಒಡೆಯಿತು. "ಈ ಸಲ ಮಾಲೇ ಖರಾಬ್ ಅದ," ಅಂದಳು ಅಮ್ಮಿ. ಮಾತು ತೊದಲುತ್ತಿತ್ತು.

ಸ್ಟ್ರೋಕ್.

ಯಾದಗಿರಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮಾತು ಮರಳಿತು, ಕಾಲು ಮರಳಿತು. ಎಡಗೈ ಮರಳಲಿಲ್ಲ. ಅದಕ್ಕಿಂತ ನನ್ನನ್ನು ಹೆದರಿಸಿದ್ದು, ಅಮ್ಮಿ ಅದನ್ನು ತನ್ನದೆಂದೇ ಒಪ್ಪದೆ ಹೋದದ್ದು. ಬಲಗೈಯಿಂದ ಎತ್ತಿ ಪಕ್ಕಕ್ಕೆ ಸರಿಸಿ, "ಇದನ್ನ ಯಾರು ಇಲ್ಲಿ ಇಟ್ಟಾರ, ಬೇಟಿ?" ಎಂದು ಕೇಳುತ್ತಿದ್ದಳು.

"ಕೈ ತನ್ನದು ಅಂತ ಮೊದಲು ಅನ್ನಿಸಬೇಕು. ಚಲನೆ ಆಮೇಲೆ," ಎಂದರು ಡಾಕ್ಟರ್.

ಫಿಜಿಯೋಥೆರಪಿ ಕೋಣೆಯಲ್ಲಿ ದೊಡ್ಡ ಕನ್ನಡಕದಂಥ ವಿಆರ್ ಹೆಡ್‌ಸೆಟ್ ಇತ್ತು. ಕಣ್ಣಿಗೆ ಕಟ್ಟಿಕೊಂಡರೆ ಮಾವಿನ ತೋಟ, ಹೊಳೆ, ಹಕ್ಕಿ. ಎದುರಿಗೆ ಎರಡು ಕೈ. ಫಿಜಿಯೋ ಮೇಡಂ ಅಮ್ಮಿಯ ತೋಳು ಎತ್ತಿದರೆ ಒಳಗಿನ ಎಡಗೈಯೂ ಏಳುತ್ತಿತ್ತು; ಪಕ್ಕದ ಪರದೆಯಲ್ಲಿ ನಮಗೂ ಕಾಣುತ್ತಿತ್ತು.

"ಹೆಂಗದರಿ, ಅಮ್ಮಾ?"

"ಟೀವಿ ಛಲೋ ಅದರಿ. ಈ ಕೈ ಯಾರವು, ಪಾಪ? ಬಳಿನೇ ಇಲ್ಲ. ಬರಿಗೈ ನನ್ನವು ಹೆಂಗ ಆಗ್ತಾವ? ನಮ್ಮನಿಯವ್ರು ಹೊರಗ ಬೀಡಿ ಸೇದಾಕತ್ತಾರ, ಗಟ್ಟಿ ಅದಾರ."

ಮೇಡಂ ನಕ್ಕರು. ಯಂತ್ರದ ಕೈಗೆ ಬಳೆ ಇಡಿಸಲು ಅವರಿಗೆ ಬರುತ್ತಿರಲಿಲ್ಲ. ನಾನು ನನ್ನ ಗಾಜಿನ ಬಳೆ ಬಿಚ್ಚಿ ಅಮ್ಮಿಯ ಎಡಗೈಗೆ ಏರಿಸಿದೆ. ಸಲೀಸಾಗಿ ಏರಿದವು. ಗಿರಾಕಿಗಳಿಗೆ "ಕೈ ಸಡಿಲ ಬಿಡವ್ವ" ಎಂದು ದಿನವಿಡೀ ಹೇಳುತ್ತಿದ್ದವಳ ಕೈ ಅಷ್ಟು ಸಡಿಲವಾಗಿದ್ದುದನ್ನು ನೋಡಲಾರದೆ ಮುಖ ತಿರುಗಿಸಿದೆ.

ಮೇಡಂ ಮತ್ತೆ ತೋಳು ಎತ್ತಿದರು. ಒಳಗಿನ ಕೈ ಇನ್ನೂ ಬರಿಗೈಯೇ. ಆದರೆ ಅದು ಏಳುವಾಗಲೇ ಬಳೆ ಸದ್ದಾಯಿತು.

ಅಮ್ಮಿ ಸದ್ದು ಬಂದ ಕಡೆ ತಲೆ ತಿರುಗಿಸಿದಳು. "ಇನ್ನೊಮ್ಮೆ ಎತ್ತರಿ."

ಎತ್ತಿದರು. ಅಮ್ಮಿಯ ಎಡಗೈ ಹೆಬ್ಬೆರಳು ಒಳಗಿನ ಮಾವಿನ ಹಣ್ಣಿನ ಕಡೆ ತಾನಾಗಿಯೇ ತುಸುವೇ ಬಾಗಿತು.

ಚಿತ್ರ ಚೆಂದವಿದ್ದಷ್ಟೂ ಆ ಲೋಕ ನಿಜವೆನಿಸುತ್ತದೆ ಎಂದುಕೊಂಡಿದ್ದೆ. ಅಷ್ಟು ನೀರು, ಅಷ್ಟು ಹಕ್ಕಿ ಅವಳನ್ನು ಒಳಗೆ ಕರೆಯಲಿಲ್ಲ. ಕಣ್ಣು ಕಂಡದ್ದಕ್ಕೆ ಅವಳದೇ ಮೈಯಿಂದ ಒಂದು ಓಗೊಡುವಿಕೆ ಬೇಕಿತ್ತು, ಅದೂ ಅದೇ ಗಳಿಗೆಯಲ್ಲಿ.

ಈಗ ಮನೆಯಲ್ಲಿದ್ದೇವೆ. ಮುಷ್ಟಿ ಇನ್ನೂ ಕಟ್ಟುವುದಿಲ್ಲ. ಮತ್ತೆ ಬಳೆ ಇಡಿಸುತ್ತಾಳೋ ಇಲ್ಲವೋ, ಡಾಕ್ಟರ್ ಹೇಳಿಲ್ಲ, ನಾವೂ ಕೇಳಿಲ್ಲ. ನಿನ್ನೆ ಮಧ್ಯಾಹ್ನ ಎಡಗೈಗೆ ಎಣ್ಣೆ ತಿಕ್ಕುವಾಗ ಮುಖ ಕಿವುಚಿದಳು.

"ಹಗೂರ ತಿಕ್ಕ, ಬೇಟಿ. ನನ್ನ ಕೈ ನೋಯಾಕತ್ತದ."

ಅಬ್ಬಾ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ, ಅಮ್ಮಿ 'ನನ್ನ ಕೈ' ಅಂದಳು, ಅದು ನೋಯುತ್ತಿದೆಯಂತೆ ಎಂದು.