ಕಮೀಲಿಯಾ ಬರೆಯದ ಮಾಷ್ಟ್ರು

ಕಳೆದ ವಾರ ನಮ್ಮ ಬಿಲ್ಡಿಂಗಿನ ಹಿಂದಿನ ಓಣಿಯಲ್ಲಿ ಹಳೇ ಕುರ್ಚಿ ರಿಪೇರಿ ಮಾಡುವವನೊಬ್ಬ ಡಬ್ಬಿಯಲ್ಲಿ ಅಂಟು ಕಾಯಿಸುತ್ತಿದ್ದ. ಪ್ರಾಣಿಗಳ ಚರ್ಮ ಬೇಯಿಸಿ ಮಾಡುವ ಹಳೇ ಕಾಲದ ಅಂಟು. ವಾಸನೆ ಮೂಗಿಗೆ ಬಡಿದ ಕೂಡಲೇ ವೇಲಿನಿಂದ ಮುಖ ಮುಚ್ಚಿಕೊಂಡೆ. ಆಮೇಲೆ ಯಾಕೋ ವೇಲು ತೆಗೆದು ಅಲ್ಲೇ ಸ್ವಲ್ಪ ಹೊತ್ತು ನಿಂತೆ... ಒಂದು ಕಾಲದಲ್ಲಿ ಇದೇ ವಾಸನೆಗಾಗಿ ನಾನು ಒಬ್ಬ ಮನುಷ್ಯನ ಜೊತೆ ಅಡುಗೆಮನೆಯಲ್ಲಿ ನಿಂತು ಜಗಳವಾಡುತ್ತಿದ್ದೆ.

ಆಗ ನಾವು ದುಬೈಯ ಅಲ್ ಕುಸೈಸ್‌ನಲ್ಲಿ ಎರಡು ಸಂಸಾರ ಸೇರಿ ಒಂದು ಫ್ಲಾಟ್ ಹಿಡಿದಿದ್ದೆವು. ಒಂದು ಕೋಣೆ ನನಗೆ ಮತ್ತು ನನ್ನ ಗಂಡನಿಗೆ, ಉಳಿದದ್ದು ಮಾಷ್ಟ್ರಿಗೆ, ಅವರ ಹೆಂಡತಿಗೆ, ಮಗಳಿಗೆ. ಅಡುಗೆಮನೆ ಇಬ್ಬರಿಗೂ ಒಂದೇ. ಹಿಂದೆ ಯಾವುದೋ ಇಂಡಿಯನ್ ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದ್ದರಿಂದ ಬಿಲ್ಡಿಂಗಿನವರಿಗೆಲ್ಲ ಅವರು ಮಾಷ್ಟ್ರು. ಸ್ಕೂಲು ಬಿಟ್ಟ ಮೇಲೆ ಕೆಲವು ಕಾಲ ಒಬ್ಬ ಜಪಾನಿ ಹೆಂಗಸಿನ ಕೈಕೆಳಗೆ ಕೋಣೆಗೆ ಅಡ್ಡ ಮರೆಯಾಗಿ ಇಡುವ, ಮಡಿಸುವ ತೆರೆಗಳ ಮೇಲೆ ಜಪಾನಿ ಶೈಲಿಯ ಚಿತ್ರ ಬರೆದಿದ್ದರಂತೆ. ಆಕೆ ಊರಿಗೆ ಹೋದಳು, ಇವರಿಗೆ ಹಿಡಿದ ಹುಚ್ಚು ಮಾತ್ರ ಹೋಗಲಿಲ್ಲ. ಜೆಬೆಲ್ ಅಲಿಯ ಒಂದು ಡೆಕೋರ್ ಕಂಪನಿಯಲ್ಲಿ ದಿನವಿಡೀ ಹೋಟೆಲು ಗೋಡೆಗಳಿಗೆ ಬಣ್ಣ ಬಳಿದು ಬಂದು, ಮನೆಯಲ್ಲಿ ನಮ್ಮ ಗ್ಯಾಸಿನ ಮೇಲೆ ಆ ಅಂಟು ಕಾಯಿಸಿ, ಕಲ್ಲಿನ ಪುಡಿಯ ಬಣ್ಣ ಕಲಸಿ ತಮ್ಮ ಚಿತ್ರ ಬರೆಯುತ್ತಿದ್ದರು. ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಅಡುಗೆ. ನಾನು ಸುಮ್ಮನಿರುತ್ತೇನೆಯೇ?

"ಮಾಷ್ಟ್ರೇ, ಇದು ಎಂಥ ನಾತ? ನಾಳೆ ನಾನು ಇದ್ರಲ್ಲೇ ಸಾರು ಇಡ್ಬೇಕಾ?"

"ಪಾತ್ರೆ ಬೇರೆ ಉಂಟಲ್ಲ ಮಾರಾಯ್ತಿ. ಬೆಂಕಿಗೆ ಎಂಥ ಮಡಿ?"

ಅವರಲ್ಲಿ ವಿನಯ ಎಂಬುದು ಕಡಿಮೆಯಿತ್ತು. ಕಂಡಕಂಡವರನ್ನು ತಿದ್ದುವ ಚಟ ಬೇರೆ. ನಾನು ಆಸೆಪಟ್ಟು ತಂದ ತಟ್ಟೆಗಳ ಸೆಟ್ಟನ್ನು ಎತ್ತಿ ಹಿಡಿದು, ಒಂದೇ ತಟ್ಟೆಯಲ್ಲಿ ಚೆರ್ರಿ ಹೂವೂ ಕೆಂಪು ಮೇಪಲ್ ಎಲೆಯೂ ಇದೆ, ವಸಂತವನ್ನೂ ಶರತ್ಕಾಲವನ್ನೂ ಹೀಗೆ ಕಲಸುವುದುಂಟೇ ಎಂದು ಮುಖ ಸಿಂಡರಿಸಿದ್ದರು. ದುಬೈಯಲ್ಲಿ ಇರುವುದೇ ಎರಡು ಋತು, ಎಸಿ ಹಾಕುವುದು ಮತ್ತು ಎಸಿ ಆರಿಸುವುದು ಎಂದು ನಾನು ಅಂದದ್ದಕ್ಕೆ ಅವರು ನಗಲೂ ಇಲ್ಲ.

ಅವರ ಪ್ರಕಾರ ಆ ಚಿತ್ರಗಳಲ್ಲಿ ಯಾವುದೂ ಚೆಂದಕ್ಕೆಂದು ಬಂದು ಕೂತಿರುವುದಿಲ್ಲ. ಪೈನ್ ಮರ ಹಿಮ ಬಿದ್ದರೂ ಹಸಿರಾಗಿಯೇ ಇರುತ್ತದೆ, ಅದು ತಾಳ್ಮೆ. ಬಿದಿರು ಬಾಗುತ್ತದೆ, ಮುರಿಯುವುದಿಲ್ಲ. ಪ್ಲಮ್ ಗಿಡ ಚಳಿ ಹೋಗುವ ಮೊದಲೇ ಧೈರ್ಯ ಮಾಡಿ ಹೂ ಬಿಡುತ್ತದೆ. ಕ್ರೌಂಚ ಪಕ್ಷಿ ದೀರ್ಘಾಯುಷ್ಯ. ನಾನು ಅದನ್ನು ಕೊಕ್ಕರೆ ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಚೆರ್ರಿ ಹೂವು ಅರಳಿದ ಕೂಡಲೇ ಉದುರುತ್ತದೆ, ಆದ್ದರಿಂದ ಅದನ್ನು ನೋಡುವವನು ತನ್ನ ಬದುಕನ್ನೂ ನೋಡಿಕೊಳ್ಳಬೇಕು. ಮಗಳು ಸಣ್ಣವಳಿದ್ದಾಗ ಇದನ್ನೆಲ್ಲ ಮಗ್ಗಿಯಂತೆ ಒಪ್ಪಿಸುತ್ತಿದ್ದಳು. ಅಪ್ಪನ ಪಕ್ಕ ಕೂತು ಬಣ್ಣದ ಕಲ್ಲು ಅರೆಯುತ್ತಿದ್ದವಳು ಅವಳೇ. ದೊಡ್ಡವಳಾಗುತ್ತಾ ಕಿವಿಗೆ ಹೆಡ್‌ಫೋನ್ ಬಂತು, ಅಪ್ಪ ಬಾಯಿ ತೆರೆದರೆ "ಪಪ್ಪ, ಪ್ಲೀಸ್" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುವುದೂ ಬಂತು.

ಅವಳು ಹನ್ನೆರಡನೇ ಕ್ಲಾಸಿನಲ್ಲಿದ್ದ ವರ್ಷ ಕಂಪನಿಗೆ ಅಬುಧಾಬಿಯ ಒಂದು ಖಾಸಗಿ ಆಸ್ಪತ್ರೆಯ ಕೆಲಸ ಸಿಕ್ಕಿತು. ಕ್ಯಾನ್ಸರ್ ರೋಗಿಗಳು ಕಾಯುವ ಹಾಲ್, ಅದರ ಉದ್ದದ ಗೋಡೆಗೆ ಜಪಾನಿ ಶೈಲಿಯ ಚಿತ್ರ. ಆಸ್ಪತ್ರೆಯವರು ಕ್ಯಾಟಲಾಗ್ ನೋಡಿ ಕೆಂಪು ಕಮೀಲಿಯಾ ಹೂವುಗಳನ್ನು ಆರಿಸಿ, ಡ್ರಾಯಿಂಗಿಗೆ ಠಸ್ಸೆ ಹೊಡೆದು ಕಳಿಸಿದ್ದರು. ಈ ದೇಶದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಠಸ್ಸೆ ಬಿದ್ದ ಡ್ರಾಯಿಂಗೆಂದರೆ ದೇವರ ಮಾತು. ಗೋಡೆ ಸೊಟ್ಟಗಿದ್ದರೂ ಪರವಾಗಿಲ್ಲ, ಡ್ರಾಯಿಂಗಿನಂತೆ ಇದ್ದರಾಯಿತು.

ಮಾಷ್ಟ್ರು ಅವತ್ತು ಮನೆಗೆ ಬಂದದ್ದೇ ಕೆಂಡವಾಗಿ. ಕಮೀಲಿಯಾ ಬೇರೆ ಹೂವಿನ ಹಾಗೆ ಎಸಳು ಎಸಳಾಗಿ ಉದುರುವುದಿಲ್ಲವಂತೆ. ಒಂದು ದಿನ ಇಡೀ ಹೂವು ಕಡಿದ ತಲೆಯ ಹಾಗೆ ತೊಟ್ಟಿನಿಂದ ಕಳಚಿ ಬೀಳುತ್ತದಂತೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಜಪಾನಿನವರು ಆ ಹೂವನ್ನು ಒಯ್ಯುವುದಿಲ್ಲವಂತೆ. ಮ್ಯಾನೇಜರಿಗೆ ಹೇಳಿದರೆ, "ಅಲ್ಲಿಗೆ ಯಾವ ಜಪಾನಿ ಬರ್ತಾನೆ ಮಾರಾಯ್ರೆ? ದಾಸವಾಳ ಅಂತ ತಿಳ್ಕೊಂಡು ಬರೀರಿ, ಖಲಾಸ್" ಅಂದನಂತೆ. ಆ ಮ್ಯಾನೇಜರ್ ಕೂಡ ನಮ್ಮ ಉಡುಪಿ ಕಡೆಯವನೇ.

ಮಾಷ್ಟ್ರು ಬ್ರಷ್ಷು ಕಟ್ಟಿಕೊಂಡು ಅಬುಧಾಬಿಗೆ ಹೋದರು. ಹೋಗಿ, ಗೋಡೆಯ ಮೇಲೆ ಕಮೀಲಿಯಾದ ಬದಲು ಹಿಮ ಹೊತ್ತ ಪೈನ್ ಮರ ಬರೆದರು, ಮೇಲೆ ಹಾರುವ ಕ್ರೌಂಚಗಳನ್ನು ಬರೆದರು. ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ, ಕಣ್ಣಾರೆ ನೋಡಿದರೆ ಒಪ್ಪುತ್ತಾರೆ ಎಂಬುದು ಅವರ ಲೆಕ್ಕ. ಇಷ್ಟು ವರ್ಷ ಗಲ್ಫಿನ ಅನ್ನ ತಿಂದ ಮನುಷ್ಯನಿಗೆ ಇಷ್ಟೂ ತಿಳಿಯದೇ ಹೋಯಿತಲ್ಲ ಎಂದು ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಆಸ್ಪತ್ರೆಯವರು ಡ್ರಾಯಿಂಗನ್ನು ನೋಡಿದರು, ಗೋಡೆಯನ್ನು ನೋಡಿದರು, ಸಹಿ ಹಾಕುವುದಿಲ್ಲ ಅಂದರು. ಮ್ಯಾನೇಜರ್ ಕಟ್ಟಕಡೆಯ ಮಾತು ಹೇಳಿದ: ಅಳಿಸಿ ಕಮೀಲಿಯಾ ಬರೆದರೆ ಇದನ್ನು ಇಲ್ಲಿಗೇ ಮರೆಯುತ್ತೇನೆ, ಇಲ್ಲದಿದ್ದರೆ ವೀಸಾ ಕ್ಯಾನ್ಸಲ್. ವೀಸಾ ಅಂದರೆ ಮಾಷ್ಟ್ರದ್ದೊಂದೇ ಅಲ್ಲ. ಹೆಂಡತಿ, ಮಗಳು ಇಲ್ಲಿರುವುದೂ ಅದರ ಮೇಲೆಯೇ. ಬೋರ್ಡ್ ಪರೀಕ್ಷೆ ಎದುರಿಗೇ ಇತ್ತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಅವರ ಹೆಂಡತಿ ಅತ್ತೇ ಅತ್ತರು. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಜೋರಾಗಿ ಮಾತಾಡಿ ಗೊತ್ತಿಲ್ಲದ ಹೆಂಗಸು.

"ಜಪಾನಿನವರಿಗೆ ಅಪಶಕುನ ಅಂತೆ ಆ ಹೂವು. ಮಗಳು ಪರೀಕ್ಷೆ ಬರೆಯದೆ ಊರಿಗೆ ಹೋಗುದು ಯಾರಿಗೆ ಶಕುನ?"

ನಾನೂ ಬಿಡಲಿಲ್ಲ. "ಮಾಷ್ಟ್ರೇ, ಗೋಡೆ ನಿಮ್ಮದಲ್ಲ, ಆಸ್ಪತ್ರೆ ನಿಮ್ಮದಲ್ಲ. ಬರೆದು ಬಿಸಾಡಿ."

ಅವರು ಬಾಗಿಲಿಗೆ ಒರಗಿ ನಿಂತಿದ್ದರು. "ಬಂದು ಕೂತವರಿಗೆ ಗೊತ್ತಾಗ್ಲಿಕ್ಕಿಲ್ಲ, ಸರಿ. ನನಗೆ ಗೊತ್ತುಂಟಲ್ಲ. ತಲೆಕೂದಲು ಹೋಗಿ ಕೂತವರ ಎದುರು ತಲೆ ಉರುಳುವ ಹೂವು ಬರೀಲಿಕ್ಕೆ ನನ್ನಿಂದ ಆಗುದಿಲ್ಲ" ಅಂದರು. ಆಮೇಲೆ ಮುಚ್ಚಿದ್ದ ಮಗಳ ಕೋಣೆಯ ಕಡೆ ಒಮ್ಮೆ ನೋಡಿ ಹೊರಗೆ ಹೋದರು.

ವೀಸಾ ಕ್ಯಾನ್ಸಲ್ ಆಯಿತು. ಪರೀಕ್ಷೆ ಮುಗಿಯುವವರೆಗೆ ಮಗಳನ್ನು ನಾವು ಇಟ್ಟುಕೊಳ್ಳುತ್ತೇವೆ ಎಂದು ನನ್ನ ಗಂಡ ಅಲ್ಲಿ ಇಲ್ಲಿ ವಿಚಾರಿಸಿ ನೋಡಿದರು. ಆಗಲಿಲ್ಲ. ಅವರು ಹೊರಟ ದಿನ ಹುಡುಗಿ ಟ್ಯಾಕ್ಸಿಯಲ್ಲಿ ಮುಂದೆ ಡ್ರೈವರಿನ ಪಕ್ಕ ಕೂತಳು, ಅಪ್ಪನ ಪಕ್ಕ ಕೂರಲಿಲ್ಲ. ನಾನು ಕಟ್ಟಿಕೊಟ್ಟ ಚಪಾತಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಎದುರು ನೋಡುತ್ತಿದ್ದಳು...

ಅವಳ ಒಂದು ವರ್ಷ ಹಾಳಾಯಿತು. ಮಾಷ್ಟ್ರು ಊರಿನಲ್ಲಿ ಮದುವೆ ಹಾಲ್‌ಗಳ ಸ್ಟೇಜಿಗೆ ಥರ್ಮಾಕೋಲಿನ ನವಿಲು ಮಾಡಿಕೊಂಡಿದ್ದರಂತೆ. ಒಂದೇ ಸ್ಟೇಜಿನಲ್ಲಿ ನವಿಲೂ ತಾವರೆಯೂ ಚೆರ್ರಿ ಹೂವೂ. ಅಲ್ಲಿ ಅವರು ಯಾರನ್ನೂ ತಿದ್ದುತ್ತಿರಲಿಲ್ಲವಂತೆ.

ಮುಂದೊಮ್ಮೆ ನನ್ನ ಗಂಡನ ಅಣ್ಣನನ್ನು ಅದೇ ಅಬುಧಾಬಿ ಆಸ್ಪತ್ರೆಗೆ ಸೇರಿಸಿದಾಗ ಆ ಕಾಯುವ ಹಾಲ್‌ನಲ್ಲಿ ಕೂರಬೇಕಾಯಿತು. ಪೈನ್ ಮರದ ಮೇಲೆ ಮೆಷಿನ್‌ನಲ್ಲಿ ಮುದ್ರಿಸಿದ ಹಾಳೆ ಅಂಟಿಸಿದ್ದರು. ಅದರ ತುಂಬ ಕೆಂಪು ಕಮೀಲಿಯಾ. ಕೆಳಗೆ ಒಬ್ಬ ಮುದುಕ ಬಾಯಿ ತೆರೆದು ನಿದ್ದೆಹೋಗಿದ್ದ, ಒಬ್ಬಾಕೆ ಫೋನ್ ನೋಡುತ್ತಿದ್ದಳು. ತಲೆಯೆತ್ತಿ ಗೋಡೆ ನೋಡಿದವರು ಯಾರೂ ಇಲ್ಲ. ಆ ಹೂವಿನಿಂದ ಅಲ್ಲಿ ಯಾರೂ ಸಾಯುತ್ತಿರಲಿಲ್ಲ, ಪೈನ್ ಮರ ಇದ್ದಿದ್ದರೆ ಯಾರೂ ಬದುಕುತ್ತಲೂ ಇರಲಿಲ್ಲ. ಯಾರಿಗೋಸ್ಕರ ಮಾಡಿದಿರಿ ಮಾಷ್ಟ್ರೇ ಎಂದು ಅಲ್ಲೇ ಬೈದುಕೊಂಡೆ. ಅವರಿಗೆ ಫೋನ್ ಮಾಡಬೇಕೆಂದೂ ಅನಿಸಲಿಲ್ಲ. ಆಮೇಲೆ ಒಂದು ದಿನ ಅವರು ತೀರಿಹೋದ ಸುದ್ದಿ ಬಿಲ್ಡಿಂಗಿನ ಹಳೇ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ.

ಮಗಳು ಈಗ ಇಲ್ಲೇ ಇದ್ದಾಳೆ, ಅಲ್ ಬರ್ಷಾದಲ್ಲಿ. ಒಂದು ಕಂಪನಿಯ ಎಚ್ಆರ್ ವಿಭಾಗದಲ್ಲಿ ಕೆಲಸ. ಓಣಿಯಲ್ಲಿ ಆ ವಾಸನೆ ಬಡಿದ ಮೇಲೆ ಮನಸ್ಸು ನಿಲ್ಲದೆ ಫೋನ್ ಮಾಡಿದೆ, ಭಾನುವಾರ ಮಾಲ್‌ಗೆ ಬಂದಳು. ವೀಸಾ, ಬಾಡಿಗೆ, ಅಮ್ಮನ ಮಂಡಿನೋವು ಎಲ್ಲ ಆಯಿತು. ಕೊನೆಗೆ ನಾನು ಕೇಳಿಯೇಬಿಟ್ಟೆ, "ಪಪ್ಪನ ಮೇಲೆ ಇನ್ನೂ ಸಿಟ್ಟು ಉಂಟಾ?"

"ಉಂಟು ಆಂಟಿ. ಬಟ್ ನಾಟ್ ಫಾರ್ ದ ಎಕ್ಸಾಮ್." ಕಾಫಿ ಕಪ್ಪನ್ನು ಆಚೆ ಸರಿಸಿದಳು. "ಅವತ್ತು ನಾನು ರೂಮಲ್ಲೇ ಇದ್ದೆ, ಎಲ್ಲ ಕೇಳ್ತಾ ಇತ್ತು. ಮ್ಯಾನೇಜರ್ ಹತ್ರ ಮಾತಾಡಿದ್ರು, ಅಮ್ಮನ ಹತ್ರ ಮಾತಾಡಿದ್ರು, ನಿಮ್ಮ ಹತ್ರವೂ ಮಾತಾಡಿದ್ರು. ನನ್ನ ಬಾಗಿಲು ತಟ್ಟಲೇ ಇಲ್ಲ. ತಟ್ಟಿದ್ದಿದ್ರೆ, ಆ ಹೂವು ಬರೀಬೇಡಿ ಪಪ್ಪ ಅಂತಲೇ ಹೇಳ್ತಿದ್ದೆ."

"ಇದನ್ನು ಅವರಿಗೆ ಹೇಳಿದ್ದೀಯಾ?"

"ನೋ. ಐ ವಾಸ್ ಆಂಗ್ರಿ. ಆಮೇಲೆ ಹೇಳುವ ಅಂತ ಇದ್ದೆ..."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು, ಆಫೀಸಿನದ್ದು. ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾ ಎದ್ದು ಆಚೆ ಹೋದಳು. ಮಗಳನ್ನು ಹಾಳು ಮಾಡಿದೆ ಎಂದು ನಂಬಿಕೊಂಡೇ ಮಾಷ್ಟ್ರು ಸತ್ತರು. ಇಡೀ ದುಬೈಯಲ್ಲಿ ಅವರ ಪಕ್ಷದಲ್ಲಿದ್ದ ಒಂದೇ ಒಂದು ಜೀವ ಗೋಡೆಯ ಆಚೆ ಇತ್ತು ಎಂದು ತಿಳಿಸಲು ಈಗ ಯಾರಿಗೆ ಫೋನ್ ಮಾಡಲಿ?